ದೇವರ ಹಿಂದಿನ ಬಾಗಿಲು

“ಬೂಟ್ ತೆಗೀರಿ ಮಾರಾಯ್ರೆ. ಅದು ದೇವರ ಕೋಣೆ.”

ಬಾಳಪ್ಪ ಕೆಳಗೆ ನೋಡಿದ. ಹೊಸ್ತಿಲಿನ ಈಚೆಗೆ ಹೆಪ್ಪುಗಟ್ಟಿದ ಕರಿ ಕೆಸರು, ಒಡೆದ ಟೈಲ್ಸ್, ಸೀಲಿಂಗಿನಿಂದ ಉದುರಿದ ಪಿಒಪಿ ತುಂಡುಗಳು. ಮನೆಗೆ ಮನೆಯೇ ಸುಟ್ಟು ಕರಕಲಾಗಿದ್ದರೂ ಮಡಿಗೆ ಮಾತ್ರ ಬೆಂಕಿ ತಾಗಿರಲಿಲ್ಲ.

ಅವನು ಬಗ್ಗಿ ಲೇಸು ಬಿಚ್ಚತೊಡಗಿದ. ಮೊಣಕಾಲು ಕಟಕ್ಕೆಂದಿತು. ಡೊಂಬಿವಲಿಯಿಂದ ಥಾಣೆಯವರೆಗೆ ಲೋಕಲ್‌ನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಬಂದವನಿಗೆ ಬೂಟು ಬಿಚ್ಚುವುದೂ ಒಂದು ನೌಕರಿಯೇ. ಹೆಂಡತಿ ಕಾಶವ್ವ ಬೆಳಿಗ್ಗೆಯೇ ರೇಗಿದ್ದಳು: “ಮಂದಿ ಮನಿ ಬೂದಿ ಕೆದರೋದು ಸಾಕ್ ಮಾಡ್ರಿ ಇನ್ನ. ನಿಮ್ಮ ಅಂಗಿ ತೊಳದು ತೊಳದು ನನ್ನ ಕೈ ಕರ್ರಗಾಗ್ಯಾವ.” ಅವಳ ಮಾತು ಸುಳ್ಳಲ್ಲ. ವಿಮಾ ಕಂಪನಿಗಾಗಿ ಬೆಂಕಿಯ ಕಾರಣ ಹುಡುಕುವ ಕೆಲಸದಲ್ಲಿ ಬದುಕಿದವರ ಸುಳ್ಳು ಕೇಳಿ ಕೇಳಿ ಅವನ ಕಿವಿಗೂ ಮಸಿ ಹಿಡಿದಿತ್ತು. ಆದರೂ ಬಂದಿದ್ದ.

ವರ್ತಕ ನಗರದ ಈ ಹಳೆಯ ಸೊಸೈಟಿಯ ಎರಡನೇ ಮಹಡಿಯಲ್ಲಿ ಅಕ್ಕಪಕ್ಕದ ಎರಡು ಫ್ಲಾಟುಗಳ ನಡುವಿನ ಗೋಡೆ ಒಡೆದು ಒಂದೇ ಮನೆ ಮಾಡಿದ್ದರು. ಆ ಮನೆಯ ಈ ಕೋಣೆಯಲ್ಲಿಯೇ ಮನೆಯ ಹಿರಿಯ ಲೋಕನಾಥರು ಹೊಗೆ ಕುಡಿದು ಸತ್ತದ್ದು. ಆ ಹೊತ್ತಿಗೆ ಮನೆಯಲ್ಲಿದ್ದವರು ಅವರೊಬ್ಬರೇ, ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದರು. ದೇವರ ದೀಪದಿಂದ ಬೆಂಕಿ ಹತ್ತಿತು, ದೀಪ ಹಚ್ಚಿಟ್ಟು ಬೇಲಾಪುರದ ಆಫೀಸಿಗೆ ಹೋದವಳು ಸೊಸೆ ರಮಿತಾ, ಆದ್ದರಿಂದ ಮಾವನ ಸಾವಿಗೆ ಅವಳೇ ಹೊಣೆ. ಮನೆಯವರು ಹಾಗೆಂದರು, ಬಂಧುಬಳಗ ಹೌದೆಂದಿತು, ಈಗ ಪೊಲೀಸರೂ ಅದನ್ನೇ ಹೇಳುತ್ತಿದ್ದರು. ಇವತ್ತು ಸಂಜೆ ಅವಳನ್ನು ಸ್ಟೇಷನ್ನಿಗೆ ಕರೆದಿದ್ದರು. ಅಷ್ಟರೊಳಗೆ ಬಾಳಪ್ಪ ಬೇರೇನಾದರೂ ತೋರಿಸದಿದ್ದರೆ ಅವಳ ಮೇಲೆ ಕೇಸು ಬೀಳುವುದು ಖಂಡಿತ.

“ದೀಪ ಶಾಂತ ಮಾಡಿಯೇ, ಆರಿಸಿಯೇ ಹೋಗಿದ್ದೆ ಅಂಕಲ್,” ಎಂದು ಆ ಹುಡುಗಿ ಕಳೆದ ವಾರ ಅವನ ಮನೆಯ ಬಾಗಿಲಲ್ಲಿ ನಿಂತು ಹೇಳಿದ್ದಳು. ಅತ್ತಿರಲಿಲ್ಲ, ಕೈ ಮುಗಿದಿರಲಿಲ್ಲ. ಅವಳು ಹೋದ ಮೇಲೆ ಬಾಳಪ್ಪನಿಗೆ ಊಟ ಸೇರಿರಲಿಲ್ಲ.

ಬೂಟು ಹೊರಗಿಟ್ಟು ಕಾಲುಚೀಲದಲ್ಲಿಯೇ ಒಳಗೆ ಕಾಲಿಟ್ಟ. ಬೂಟು ತೆಗೆಸಿದ ದಯಾನಂದ ಹಿಂದೆಯೇ ಬಂದ. ಲೋಕನಾಥರ ಒಬ್ಬನೇ ಮಗ, ರಮಿತಾಳ ಗಂಡ, ಖಾರಘರದಲ್ಲಿ ಅಪ್ಪ ಕಟ್ಟಿದ ಹೋಟೆಲಿನ ಈಗಿನ ಯಜಮಾನ. ಉತ್ತರಕ್ರಿಯೆ ಮೊನ್ನೆಯಷ್ಟೇ ಮುಗಿದು ತಲೆ ನುಣ್ಣಗಿತ್ತು.

“ಒಂದ್ ಮಾತು ಕೇಳ್ತೀನಿ ದಯಾನಂದ್ರ. ವರ್ಷಕ್ಕ ಎರಡು ಸಲ ಬೆಂಕಿ ತಪಾಸಣಿ ಅಂತ ಬರ್ತಾರಲ್ಲ, ಅವರು ಈ ಖೋಲಿ ಒಳಗ ಬಂದಿದ್ರೇನು?”

“ಬೂಟ್ ಹಾಕ್ಕೊಂಡು ಹೇಗೆ ಬರ್ತಾರೆ? ಹೊರಗೆ ನಿಂತೇ ಕೈ ಮುಗಿದು ಹೋದ್ರು.”

“ಮುನಸಿಪಾಲ್ಟಿಯವರು?”

“ಅವ್ರು ಯಾಕೆ ಬರ್ಬೇಕು?”

“ಗೋಡಿ ಒಡದೀರಲ್ರಿ. ಪರ್ಮಿಶನ್ ಕೊಡೋ ಮುಂಚೆ ನೋಡಾಕ ಬಂದಿರಬೇಕಲ್ಲ.”

ದಯಾನಂದ ಮೂಗಿನ ತುದಿ ಉಜ್ಜಿಕೊಂಡ. “ಕೇಳಿ ಒಡೆಯುವವರು ಯಾರುಂಟು ಸರ್ ಇಲ್ಲಿ? ಕಾಂಟ್ರಾಕ್ಟರ್ ಎಲ್ಲ ಸೆಟ್ಟಿಂಗ್ ಮಾಡ್ತೇನೆ ಅಂದಿದ್ದ.”

ಈ ಕಡೆಯ ಕಾಂಟ್ರಾಕ್ಟರುಗಳ ಬುದ್ಧಿ ಬಾಳಪ್ಪನಿಗೆ ಹೊಸದಲ್ಲ. ಯಾವ ಗೋಡೆಯನ್ನು ಯಾರೂ ತಟ್ಟಿ ನೋಡಬಾರದೋ ಅದಕ್ಕೆ ದೇವರನ್ನು ಒರಗಿಸಿಬಿಡುತ್ತಾರೆ. ತಪಾಸಣೆಯವನು ಅಡುಗೆಮನೆಯ ಸಿಲಿಂಡರ್ ನೋಡುತ್ತಾನೆ, ಬಾಲ್ಕನಿಯ ಗ್ರಿಲ್ ನೋಡುತ್ತಾನೆ, ದೇವರ ಕೋಣೆಯ ಮುಂದೆ ಬಂದಾಗ ಬೂಟು ಬಿಚ್ಚುವ ಸೋಮಾರಿತನಕ್ಕೆ ಭಕ್ತಿಯ ಹೆಸರಿಟ್ಟು ಹೊರಗಿನಿಂದಲೇ ನಮಸ್ಕಾರ ಹಾಕುತ್ತಾನೆ. ಕಾಗದದ ಮೇಲೆ ಎಲ್ಲವೂ ಸರಿಯಾಗುತ್ತದೆ.

ಅವನು ಟಾರ್ಚ್ ಹಾಕಿದ. ಕೋಣೆ ಹೊಗೆಯಿಂದ ಕಪ್ಪಾಗಿತ್ತೇ ಹೊರತು ಬೆಂದಿರಲಿಲ್ಲ. ಪೀಠದ ಮೇಲೆ ಕುಂಕುಮದ ಪ್ಲಾಸ್ಟಿಕ್ ಡಬ್ಬಿ ಇಟ್ಟ ಹಾಗೆಯೇ ಇತ್ತು, ಮುಚ್ಚಳ ಕೂಡ ಸೊಟ್ಟಗಾಗಿರಲಿಲ್ಲ. ಹಿತ್ತಾಳೆಯ ದೀಪ ನೆಟ್ಟಗೆ ನಿಂತಿತ್ತು. ಅದರ ಎಣ್ಣೆಯ ಮೇಲೆ ಮಸಿ ಕೆನೆಗಟ್ಟಿತ್ತು. ಬತ್ತಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ತುದಿ ಮಾತ್ರ ಕರಿ, ಉಳಿದದ್ದೆಲ್ಲ ಬಿಳಿ.

“ದೀಪದಿಂದ ಬೆಂಕಿ ಅಂದ್ರಿ. ಇಲ್ಲಿ ಎಣ್ಣಿ ಸೈತ ತೀರಿಲ್ಲ. ಕುಂಕುಮದ ಡಬ್ಬಿ ಕರಗಿಲ್ಲ. ಇಲ್ಲಿ ಹುಟ್ಟಿದ ಬೆಂಕಿ ಇಲ್ಲಿ ಏನೂ ಸುಡದ ಹಾರಿ ಮುಂಬಾಗಲಕ್ಕ ಹೋತೇನು?”

“ನಂಗೆ ಎಂತ ಗೊತ್ತು? ನಾನು ಹೋಟೆಲಲ್ಲಿದ್ದೆ.”

“ಮುಂಬಾಗಲ ಕಡೆ ಗೋಡಿ ಒಡದ ಜಾಗ ನೋಡಿ ಬಂದೆ. ಹಳೇ ಮೀಟರಿನಿಂದ ಹೊಸ ಎಸಿಗೆ ವೈರ್ ಎಳದು ಸೀಲಿಂಗ್ ಒಳಗ ತುರುಕ್ಯಾರ. ಅಲ್ಲಿ ತಾಮ್ರ ಕರಗಿ ಗುಂಡಾಗಿ ನಿಂತೈತಿ. ನಿಮ್ಮ ಹೆಂಡತಿ ದೀಪ ಬಿಟ್ಟದ್ದಕ್ಕಲ್ಲ, ನೀವು ಗೋಡಿ ಒಡದದ್ದಕ್ಕ ಹತ್ತೇತಿ ಬೆಂಕಿ.”

ದಯಾನಂದ ನುಣ್ಣಗಿನ ತಲೆ ಸವರಿಕೊಂಡ. ಆಮೇಲೆ ಕೇಳಿದ ಪ್ರಶ್ನೆಯಿಂದ ಬಾಳಪ್ಪನ ಮೈ ಉರಿದುಹೋಯಿತು.

“ಹಾಗೆ ಬರೆದ್ರೆ ಇನ್ಶೂರೆನ್ಸ್ ಬರುದಿಲ್ಲ ಅಲ್ವಾ?”

“ಹೆಂಡತೀನ ಜೈಲಿಗೆ ಕಳಸೋದು ಸೋವಿ ಬೀಳತೈತೇನ್ರಿ ನಿಮಗ?”

“ಜೈಲು ಎಲ್ಲ ಆಗುದಿಲ್ಲ. ವಕೀಲರು ಹೇಳಿದ್ದಾರೆ. ದೀಪ ಅಂದ್ರೆ ಆ್ಯಕ್ಸಿಡೆಂಟ್. ನನ್ನ ಹೆಸರು ಬಂದ್ರೆ ಹೋಟೆಲಿನ ಲೈಸೆನ್ಸಿಗೂ ಕೈ ಹಾಕ್ತಾರೆ. ಇಪ್ಪತ್ತು ಜನ ಊಟ ಮಾಡ್ತಾರೆ ಸರ್ ಆ ಹೋಟೆಲಿನ ಮೇಲೆ.” ಅವನ ದನಿ ಇಳಿಯಿತು. “ಅವಳಿಗೆ ನಾನು ಹೇಳಿದ್ದೇನೆ. ಸ್ವಲ್ಪ ದಿನ ನಿನ್ನಮ್ಮನ ಮನೆಯಲ್ಲಿರು ಅಂತ.”

ಬೈಯುವುದಕ್ಕೂ ಒಂದು ಶಕ್ತಿ ಬೇಕು. ಬಾಳಪ್ಪನಲ್ಲಿ ಅದು ಉಳಿದಿರಲಿಲ್ಲ. ಗೋಡೆಗೆ ಕೈಯೂರಿ ನಿಂತ.

“ನಿಮ್ಮಪ್ಪ ಜೀವಮಾನ ಎಲ್ಲಾ ಒಲಿ ಮುಂದ ನಿಂತ ಮನಷ್ಯಾ. ಬೆಂಕಿ ಅಂದ್ರ ಏನಂತ ಗೊತ್ತಿದ್ದವರು. ಮುಂದ ಹೊತ್ತಿ ಉರಿಯಾಗ ಇನ್ನೊಂದು ಬಾಗಲಾ ಇಲ್ಲದ ಖೋಲಿಗೆ ಯಾಕ ಓಡಿ ಬಂದ್ರು?”

“ದೇವರನ್ನು ಉಳಿಸ್ಲಿಕ್ಕೆ.”

“ಒಂದು ಮೂರ್ತಿನೂ ಅಲ್ಲಾಡಿಲ್ಲಲ್ರಿ.”

ಹೊಸ್ತಿಲ ಹೊರಗೆ ಸೆರಗಿನ ಸದ್ದಾಯಿತು. ಲೋಕನಾಥರ ಹೆಂಡತಿ ವಿಮಲಾ. ಇಷ್ಟು ಹೊತ್ತು ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದವರು ಎದ್ದು ಬಂದಿದ್ದರು. ಗಂಡ ಸತ್ತ ದಿನದಿಂದ ಅವರು ಸೊಸೆಯ ಜೊತೆ ಒಂದು ಮಾತೂ ಆಡಿಲ್ಲವೆಂದು ಬಾಳಪ್ಪ ಕೇಳಿ ತಿಳಿದಿದ್ದ.

“ಅಕ್ಕಾರ, ಯಜಮಾನರ ಮುಷ್ಟಿಯೊಳಗ ಏನೋ ಕೀಲಿಕೈ ಇತ್ತಂತ. ನಿಮ್ಮ ಕಡೆ ಐತೇನು?”

ವಿಮಲಾ ಮಗನ ಮುಖ ನೋಡಿದರು. ಮಗ ಬೇರೆಡೆ ನೋಡಿದ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಬ್ಯಾಗಿನೊಳಗಿಂದ ಒಂದು ಪುಟ್ಟ ಕಾಗದದ ಪೊಟ್ಟಣ ತೆಗೆದು ಕೊಟ್ಟರು. ಪೊಟ್ಟಣಕ್ಕೆ ಬಿಳಿ ದಾರ ಸುತ್ತಿತ್ತು. ಬಾಳಪ್ಪ ಗಂಟು ಹುಡುಕಿದ, ಸಿಗಲಿಲ್ಲ.

“ಗಂಟಿಲ್ಲ ಅದಕ್ಕೆ. ಆ ತುದಿ ಎಳೀರಿ, ಬಿಡ್ತದೆ,” ಎಂದರು ವಿಮಲಾ. “ನಮ್ಮ ಹೋಟೆಲಿನ ಪಾರ್ಸೆಲ್ ಕಟ್ಟು. ಸುತ್ತಿ, ತುದಿಯನ್ನು ಕುಣಿಕೆ ಮಾಡಿ ಅಡಿಗೆ ಸಿಕ್ಕಿಸುದು. ಗಿರಾಕಿ ಒಂದೇ ಕೈಯಲ್ಲಿ ಬಿಚ್ಚಬೇಕು ಅಂತ ಇವರೇ ಕಂಡುಹಿಡಿದದ್ದು. ನಾನು ಗಲ್ಲಾದಲ್ಲಿ ಕೂತು ಎಷ್ಟು ಕಟ್ಟಿದ್ದೇನೋ. ಇವನಿಗೂ ಬರ್ತದೆ.” ಸ್ವಲ್ಪ ತಡೆದು, “ಅವಳಿಗೆ ಮಾತ್ರ ಬರುದಿಲ್ಲ. ಮಾವ ಎಷ್ಟು ಕಲಿಸಿದ್ರೂ ಕೈಗೆ ಹತ್ತಲಿಲ್ಲ,” ಎಂದರು.

ಬಾಳಪ್ಪ ತುದಿ ಎಳೆದ. ದಾರ ಹಾವಿನ ಮರಿಯಂತೆ ಸರಕ್ಕನೆ ಕಳಚಿ ಕೈಗೆ ಬಂತು. ಒಳಗೆ ಉದ್ದನೆಯ ಹಳೆಯ ಹಿತ್ತಾಳೆ ಕೀಲಿಕೈ.

“ಹಳೆ ಕಪಾಟಿನದ್ದು,” ಎಂದ ದಯಾನಂದ, ಯಾರೂ ಕೇಳುವ ಮೊದಲೇ.

“ಎಲ್ಲೈತಿ ಆ ಕಪಾಟು?”

“ಗುಜರಿಗೆ ಹಾಕಿ ಆಯ್ತು.”

ಉರಿಯುವ ಮನೆಯಲ್ಲಿ ಗುಜರಿಗೆ ಹೋದ ಕಪಾಟಿನ ಕೀಲಿಕೈ ಹಿಡಿದು ಯಾರು ಓಡಾಡುತ್ತಾರೆ? ಬಾಳಪ್ಪ ಟಾರ್ಚನ್ನು ಹಿಂದಿನ ಗೋಡೆಯತ್ತ ತಿರುಗಿಸಿದ. ಗೋಡೆಯ ತುಂಬ ದೇವರ ಪಟಗಳು, ಅವುಗಳ ನಡುವೆ ಮಸಿ. ಬಲಗಡೆಯ ಅಂಚಿನಲ್ಲಿ, ವೆಂಕಟರಮಣನ ಪಟದ ಪಕ್ಕಕ್ಕೆ, ಆ ಮಸಿಯಲ್ಲಿ ಬೆರಳುಗಳು ಜಾರಿದ ಗೆರೆಗಳಿದ್ದವು. ಮೇಲಿಂದ ಕೆಳಗೆ, ನೆಲದವರೆಗೂ ಇಳಿದಿದ್ದವು.

ಅವನು ಗೋಡೆಯ ಹತ್ತಿರ ಹೋದ. ಗೆಣ್ಣಿನಿಂದ ತಟ್ಟಿದ. ಇಟ್ಟಿಗೆಯ ಸದ್ದಲ್ಲ ಅದು, ಪ್ಲೈವುಡ್ಡಿನದು. ಆ ಗೆರೆಗಳ ಪಕ್ಕದಲ್ಲಿ ಉಗುರು ತೂರಿಸಿ ಎಳೆದ. ದೇವರುಗಳೆಲ್ಲ ಒಟ್ಟಿಗೆ ಕಿರ್ರೆಂದು ಪಕ್ಕಕ್ಕೆ ಸರಿದರು. ಹಲಗೆಯ ಹಿಂದೆ ಒಂದು ಬಾಗಿಲಿತ್ತು.

ಹಳೆಯ ಎರಡನೇ ಫ್ಲಾಟಿನ ಬಾಗಿಲು. ಗೋಡೆ ಒಡೆಯುವ ಮುಂಚೆ ಆ ಮನೆಯವರು ದಿನಾ ಓಡಾಡುತ್ತಿದ್ದ ಬಾಗಿಲು.

“ಇಟ್ಟಿಗೆ ಕಟ್ಟಿಸಿದ್ದೆ ನಾನು!” ದಯಾನಂದ ಮುಂದೆ ಬಂದು ಬಾಗಿಲನ್ನು ಮುಟ್ಟಿ ನೋಡಿದ. “ತೆಂಕು ದಿಕ್ಕಿನ ಬಾಗಿಲು ಆಗುದಿಲ್ಲ ಅಂತ ವಾಸ್ತುವಿನವ ಹೇಳಿದ್ದ. ನಾನೇ ಹಣ ಕೊಟ್ಟದ್ದು ಕಾಂಟ್ರಾಕ್ಟರಿಗೆ.”

“ನಿಮ್ಮಪ್ಪ ಅವನಿಗೆ ಗುಟ್ಟಾಗಿ ಬ್ಯಾಡ ಅಂದಿರಬೇಕು.”

“ಎರಡು ಬಾಗಿಲಿಲ್ಲದ ಅಡುಗೆಮನೆಯಲ್ಲಿ ನಿಲ್ಲಬೇಡ ಅಂತ ಹೇಳ್ತಿದ್ರು ಹುಡುಗರಿಗೆ,” ಎಂದರು ವಿಮಲಾ ಹೊರಗಿನಿಂದ. ಅವರು ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಬಾಗಿಲನ್ನು ನೋಡಿ ಆಶ್ಚರ್ಯವನ್ನೂ ಪಡಲಿಲ್ಲ. ದುಃಖದಲ್ಲಿರುವವರ ಮುಖ ಓದುವುದು ಕಷ್ಟ, ಬಾಳಪ್ಪ ಅದನ್ನು ಅಲ್ಲಿಗೇ ಬಿಟ್ಟ.

ಕೀಲಿಕೈ ಬೀಗದೊಳಗೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಆದರೆ ತಿರುಗಿಸಬೇಕಾದ ಅಗತ್ಯವೇ ಇರಲಿಲ್ಲ. ಬೀಗ ಆಗಲೇ ತೆರೆದಿತ್ತು.

ಮುದುಕ ಓಡಿ ಬಂದಿದ್ದ, ದೇವರನ್ನು ಸರಿಸಿದ್ದ, ಬೀಗ ತೆಗೆದಿದ್ದ. ಬಾಗಿಲು ಬರಲಿಲ್ಲ. ಬೀಗವೇ ಸರಿಯಾಗಿ ತಿರುಗಲಿಲ್ಲವೆಂದು ಕೀಲಿಕೈ ಹೊರಗೆಳೆದು ಮತ್ತೆ ಹಾಕಲು ನೋಡಿರಬೇಕು. ಅಷ್ಟರಲ್ಲಿ ಹೊಗೆ ಅವನನ್ನು ಕೆಡವಿತ್ತು. ಬೀಳುವಾಗ ಹಲಗೆಯ ಅಂಚು ಹಿಡಿದಿದ್ದ, ಅದೂ ಅವನ ಜೊತೆಗೇ ಮುಚ್ಚಿಕೊಂಡಿತ್ತು. ಬಾಳಪ್ಪನಿಗೆ ಒಮ್ಮೆಲೇ ಎಲ್ಲಿಯಾದರೂ ಕೂತುಬಿಡಬೇಕೆನ್ನಿಸಿತು.

ಕೂರಲಿಲ್ಲ. ಬಾಗಿಲಿನ ಹಿಡಿಕೆ ಎಳೆದ. ಅದು ಉಗುರಿನಷ್ಟು ಸರಿದು ಟಕ್ಕೆಂದು ನಿಂತಿತು. ಹೊರಗಿನಿಂದ ಏನೋ ಹಿಡಿದಿತ್ತು.

“ಇಲ್ಲೇ ಇರ್ರಿ,” ಎಂದು ಹೇಳಿ, ಬೂಟಿನ ನೆನಪೂ ಇಲ್ಲದೆ ಕಾಲುಚೀಲದಲ್ಲಿಯೇ ಕರಿ ಕೆಸರು ತುಳಿದು ಹೊರಗೆ ನಡೆದ. ದಯಾನಂದ ಆ ಬಾಗಿಲಿನ ಮುಂದೆ ಕುಕ್ಕರಿಸಿ ತಲೆಯ ಮೇಲೆ ಕೈ ಹೊತ್ತಿದ್ದ, ವಿಮಲಾ ಮತ್ತೆ ಕಾರಿಡಾರಿನ ಕುರ್ಚಿಗೆ ಹೋಗಿ ಕೂತಿದ್ದರು.

ಕಾರಿಡಾರ್ ಉದ್ದಕ್ಕಿತ್ತು. ಈ ತುದಿಯಲ್ಲಿ ಮುಂದಿನ ಮೆಟ್ಟಿಲು, ಆ ತುದಿಯಲ್ಲಿ ಹಿಂದಿನ ಮೆಟ್ಟಿಲು. ಹಳೆಯ ಬಾಗಿಲು ಇರಬೇಕಾದ ಕಡೆ ಬಾಗಿಲು ಕಾಣುತ್ತಿರಲಿಲ್ಲ. ಬಟ್ಟೆಯ ಗಂಟುಗಳು, ಥರ್ಮಾಕೋಲಿನ ಕಂಬಗಳು, ಬಣ್ಣದ ಪ್ಲೈವುಡ್ ಕಮಾನು ಆಳೆತ್ತರಕ್ಕೆ ಒಟ್ಟಿದ್ದವು. ಅವುಗಳ ಮುಂದೆ ಸೊಸೈಟಿಯ ಸೆಕ್ರೆಟರಿ ಸರ್ವೋತ್ತಮ ನಿಂತಿದ್ದ. ತನ್ನ ಮನೆಗೇ ಕಳ್ಳ ನುಗ್ಗಿದಂತಿತ್ತು ಮುಖ.

“ಇದೇನ್ರಿ ಸರ್ವೋತ್ತಮರ?”

“ಗಣಪತಿ ಮಂಡಳದ ಸಾಮಾನು ಸರ್. ಪ್ರತಿ ವರ್ಷ ಇಲ್ಲೇ ಇಡುದು.”

“ಮೆಟ್ಟಿಲಿನ ದಾರಿಯೊಳಗ? ಬೆಂಕಿ ಬಿದ್ರ ಮಂದಿ ಎಲ್ಲಿಂದ ಇಳೀಬೇಕು?”

“ಅದು ಗೊತ್ತುಂಟು ಸರ್. ಆದ್ರೆ ದೇವರ ಸಾಮಾನು. ತೆಗೀರಿ ಅಂತ ಮೀಟಿಂಗಲ್ಲಿ ಯಾರು ಬಾಯಿ ಬಿಡ್ತಾರೆ?”

ಒಳಗೂ ದೇವರು, ಹೊರಗೂ ದೇವರು, ನಡುವೆ ಒಂದು ಬಾಗಿಲು. ಅದು ಇದೆಯೆಂದು ಯಾರಿಗೂ ನೆನಪಿಲ್ಲ. ಬಾಳಪ್ಪ ಉಸಿರು ಬಿಟ್ಟ.

“ಆವತ್ತು ಇಲ್ಲಿಂದ ಯಾರೂ ನೋಡಲಿಲ್ಲೇನು?”

“ಇದರ ಹಿಂದೆ ಗೋಡೆ ಅಂತಲೇ ಎಲ್ಲರ ಲೆಕ್ಕ. ಏನೋ ಬಡಿದ ಹಾಗೆ ಕೇಳಿತು ಅಂತ ಆಚೆ ಮನೆಯವರು ಅಂದ್ರು. ಆದ್ರೆ ಸಿಲಿಂಡರ್ ಸಿಡೀತದೆ ಅಂತ ಎಲ್ಲ ಕೆಳಗೆ ಓಡಿದ್ದು.” ಸರ್ವೋತ್ತಮ ಕಣ್ಣು ತಗ್ಗಿಸಿದ. “ನಾನೂ ಓಡಿದೆ.”

“ವಾಚ್‌ಮನ್ನನ್ನ ಕರೀರಿ. ಇವನ್ನೆಲ್ಲಾ ಸರಸೋಣ.”

ಸರ್ವೋತ್ತಮ ಬೈಸಿಕೊಳ್ಳುವುದು ತಪ್ಪಿತೆಂಬ ಸಮಾಧಾನದಲ್ಲಿ ಮೆಟ್ಟಿಲಿಳಿದ. ಬಾಳಪ್ಪನಿಗೆ ಕಾಯುವ ತಾಳ್ಮೆ ಇರಲಿಲ್ಲ. ಎರಡು ಗಂಟುಗಳ ನಡುವೆ ಭುಜದವರೆಗೂ ಕೈ ತೂರಿಸಿ ತಡಕಾಡಿದ. ಮೊದಲು ಮರ, ಆಮೇಲೆ ತಣ್ಣಗಿನ ಕಬ್ಬಿಣ. ಗಂಟೊಂದನ್ನು ಜಗ್ಗಿ ಕೆಡವಿ, ಕನ್ನಡಕ ಹಾಕಿಕೊಂಡು ಟಾರ್ಚ್ ಬಿಟ್ಟ.

ಹೊಸ ಚಿಲಕ. ಸ್ಕ್ರೂಗಳು ಇನ್ನೂ ಹೊಳೆಯುತ್ತಿದ್ದವು. ಚಿಲಕ ಹಾಕಿತ್ತು. ಹಾಕಿದ್ದು ಜಾರದ ಹಾಗೆ ಅದರ ಹಿಡಿಗೆ ಬಿಳಿ ದಾರ ಸುತ್ತಿತ್ತು. ಗಂಟಿರಲಿಲ್ಲ. ತುದಿಯನ್ನು ಕುಣಿಕೆ ಮಾಡಿ ಅಡಿಗೆ ಸಿಕ್ಕಿಸಿತ್ತು.

ಬಾಳಪ್ಪ ಅದನ್ನೇ ನೋಡುತ್ತ ನಿಂತ.

“ಅಂಕಲ್?”

ಹಿಂದಿನ ಮೆಟ್ಟಿಲಿನಿಂದ ರಮಿತಾ ಬಂದಿದ್ದಳು. ಪನ್ವೆಲ್ ಲೋಕಲ್‌ನಲ್ಲಿ ನಿಂತು ಬಂದ ಸುಸ್ತು ಮುಖದಲ್ಲಿತ್ತು, ಕೊರಳಲ್ಲಿ ಆಫೀಸಿನ ಕಾರ್ಡ್ ಇನ್ನೂ ನೇತಾಡುತ್ತಿತ್ತು. ಇಲ್ಲಿಂದ ನೇರ ಪೊಲೀಸ್ ಸ್ಟೇಷನ್ನಿಗೆ ಹೋಗಬೇಕಾದವಳು.

“ಚಿಂತಿ ಬ್ಯಾಡ ಮಗಳ,” ಎಂದ ಬಾಳಪ್ಪ. “ದೀಪದಿಂದ ಅಲ್ಲ. ನೀ ಶ್ಯಾಂತ ಮಾಡಿದ್ದಿ ಅನ್ನೋದಕ್ಕ ಬತ್ತಿನೇ ಸಾಕ್ಷಿ ಐತಿ. ನಾ ಬರದು ಕೊಡ್ತೀನಿ.”

ಅವಳ ಕಣ್ಣು ಅವನ ಮೇಲಿರಲಿಲ್ಲ, ಟಾರ್ಚಿನ ಬೆಳಕು ಬಿದ್ದ ಕಡೆ ಇತ್ತು. ಅಲ್ಲಿಂದ ದಾರ ಅವಳಿಗೆ ಕಾಣುತ್ತಿರಲಿಲ್ಲ.

“ಆ ಚಿಲಕ... ಮೀಚ್ ಲಾವ್‌ಲೀ ಅಂಕಲ್. ನಾನೇ ಹಾಕಿಸಿದ್ದು.”

ಬಾಳಪ್ಪ ಅವಳತ್ತ ತಿರುಗಿದ. “ಯಾಕ?”

“ಸಂಜೆ ಆದ್ಮೇಲೆ ಮಾವನಿಗೆ ಒಮ್ಮೊಮ್ಮೆ ದಿಕ್ಕು ತಪ್ತಿತ್ತು. ಹೋಟೆಲ್ ಬಾಗಿಲು ಹಾಕ್ಬೇಕು ಅಂತ ಈ ಗಂಟುಗಳನ್ನ ಸರಿಸಿ ಈ ಬಾಗಿಲಿಂದ ಹೊರಗೆ ಹೋಗಿಬಿಡೋರು. ಒಂದು ಸಲ ಇಲ್ಲೇ ಈ ಗಂಟಿನ ಮೇಲೆ ಕೂತಿದ್ರು. ನಾನು ನೋಡಿದೆ. ಕೋಣಾಲಾ ಸಾಂಗೂ ನಕೋ, ಯಾರಿಗೂ ಹೇಳ್ಬೇಡ, ದಯಾನಂದ ನಿಜವಾಗಿ ಇಟ್ಟಿಗೆ ಕಟ್ಟಿಸ್ತಾನೆ ಅಂದ್ರು.” ಅವಳು ಕೊರಳಿನ ಕಾರ್ಡನ್ನು ಹಿಡಿದುಕೊಂಡಳು. “ಬೆಳಿಗ್ಗೆ ಹೊತ್ತು ಸರಿ ಇರ್ತಿದ್ರು. ಅವರೇ ಹೇಳಿದ್ದು. ರಾತ್ರಿ ಹೊರಗಿಂದ ಹಾಕು, ಬೆಳಿಗ್ಗೆ ಟ್ರೇನಿಗೆ ಹೋಗುವಾಗ ತೆಗೆ. ಸ್ಕ್ರೂ ಕೂಡ ಅವರೇ ಹಿಡಿದು ಕೊಟ್ರು.”

“ಆವತ್ತು ತಗದಿದ್ದಿ?”

“ತೆಗೆದೆ. ಥರ್ಮಾಕೋಲಿನ ಪುಡಿ ತೋಳಿಗೆಲ್ಲ ಅಂಟಿತ್ತು, ಟ್ರೇನಲ್ಲಿ ಕೂತು ಒರೆಸಿಕೊಂಡೆ. ನಿಜ ಅಂಕಲ್.”

“ಮತ್ಯಾರಿಗಾದ್ರೂ ಗೊತ್ತಿತ್ತೇನು?”

“ಇಲ್ಲ. ನಾನು ಯಾರಿಗೂ ಹೇಳಿಲ್ಲ.”

ಬಾಳಪ್ಪನಿಗೆ ಅಯ್ಯೋ ಎನ್ನಿಸಿತು. ದೀಪದಿಂದ ಬಿಡಿಸಿದವಳನ್ನು ಈ ಚಿಲಕ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಮಾವ ಹೇಳಿದ್ದರೆಂದರೆ ನಂಬುವವರು ಯಾರು, ಮಾವನೇ ಇಲ್ಲ. ಅವಳನ್ನು ಉಳಿಸಬಲ್ಲದ್ದು ಒಂದೇ ಒಂದಿತ್ತು, ಅವಳ ಕೈಗೆ ಎಂದೂ ಬಾರದ ಆ ಕಟ್ಟು.

“ಹಂಗಾದ್ರ ಇಲ್ಲಿ ನೋಡು,” ಎಂದು ಅವನು ಪಕ್ಕಕ್ಕೆ ಸರಿದು ಟಾರ್ಚನ್ನು ಹತ್ತಿರ ಹಿಡಿದ. “ನೀ ತಗದದ್ದನ್ನ ಆಮ್ಯಾಲೆ ಯಾರೋ ಹಾಕ್ಯಾರ. ದಾರಾನೂ ಸುತ್ಯಾರ. ಇದು ಯಾರ ಕಟ್ಟು ಅಂತ ನಿನಗ ಗೊತ್ತಾಗತೈತಿ.”

ರಮಿತಾ ಬಗ್ಗಿ ನೋಡಿದಳು. ಅವಳ ಮುಖದಲ್ಲಿದ್ದ ಸುಸ್ತು ಒಮ್ಮೆಲೇ ಇಳಿದುಹೋಯಿತು. ಆ ಜಾಗಕ್ಕೆ ಬಂದದ್ದು ಭಯವೋ ಕರುಣೆಯೋ ಬಾಳಪ್ಪನಿಗೆ ತಿಳಿಯಲಿಲ್ಲ. ಅವಳಿಗೆ ಕಟ್ಟಿದ ಕೈ ಯಾವುದೆಂದು ಮಾತ್ರ ತಿಳಿಯಿತು, ಅಷ್ಟು ಖಾತ್ರಿ. ಪಾರ್ಸೆಲ್ ಕಟ್ಟುವುದನ್ನು ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ನೋಡಿದವಳು, ಒಬ್ಬೊಬ್ಬರ ಕೈ ಅವಳಿಗೆ ಗುರುತು.

“ಯಾರದು ಹೇಳು ಮಗಳ.”

ಅವಳು ಕೈ ಚಾಚಿದಳು. ಮುಟ್ಟಿ ನೋಡುತ್ತಾಳೆಂದುಕೊಂಡ ಅವನು. ಅವಳು ತುದಿ ಹಿಡಿದು ಎಳೆದಳು. ಒಂದೇ ಎಳೆತ. ದಾರ ಸರಕ್ಕನೆ ಕಳಚಿ ಅವಳ ಮುಷ್ಟಿಯೊಳಗೆ ಹೋಯಿತು.

“ಏ, ಏನ್ ಮಾಡಿದೆವ್ವಾ!”

ಫೋಟೋ ತೆಗೆದುಕೊಳ್ಳಬೇಕಿತ್ತೆಂದು ಬಾಳಪ್ಪನಿಗೆ ಹೊಳೆದದ್ದು ಆಗ. ಮೊಬೈಲು ಕಿಸೆಯಲ್ಲಿಯೇ ಇತ್ತು.

“ದೀಪ ಶಾಂತ ಮಾಡಿರಲಿಲ್ಲ ಅಂಕಲ್,” ಎಂದಳು ರಮಿತಾ. ದನಿ ನಡುಗಲಿಲ್ಲ. “ಮರೆತು ಹೋಗಿದ್ದೆ. ಹಾಗೇ ಬರೀರಿ. ಪೊಲೀಸರಿಗೂ ಹಾಗೇ ಹೇಳ್ತೇನೆ.”

ಅವನು ಬಾಯಿ ತೆರೆಯುವಷ್ಟರಲ್ಲಿ ಕಾರಿಡಾರಿನ ಆ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಸರಿದ ಸದ್ದಾಯಿತು. ವಿಮಲಾ ಎದ್ದು ನಿಂತಿದ್ದರು. ಯಾವಾಗಿನಿಂದ ನೋಡುತ್ತಿದ್ದರೋ ಗೊತ್ತಿಲ್ಲ. ಗಂಡ ಹೋದಂದಿನಿಂದ ಸೊಸೆಯೊಡನೆ ತುಟಿ ಬಿಚ್ಚದ ಹೆಂಗಸು ಈಗ ತುಳುವಿನಲ್ಲಿ, ಮಗುವನ್ನು ಇತ್ತ ಬಾ ಎಂದು ಕರೆಯುವಷ್ಟು ಮೆತ್ತಗೆ ಕರೆದರು.

“ರಮಿತಾ, ಬಲ ಮಗಾ. ಇಂಚಿ ಬಲ.”

ರಮಿತಾ ಮುಷ್ಟಿ ಬಿಗಿಹಿಡಿದೇ ಅತ್ತೆಯ ಕಡೆಗೆ ನಡೆದಳು.